ಸಿಹಿ ಅಡಿಕೆ ಪೊಟ್ಟಣದ ಮೇಲೆ ಕ್ಯಾನ್ಸರ್ ಎಚ್ಚರಿಕೆ ಎಲ್ಲಿದೆ?

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ‘ಮೌತ್ ಫ್ರೆಶ್‌ನರ್’ ಪೊಟ್ಟಣದ ಮುಂಭಾಗದಲ್ಲಿ ಅಡಿಕೆ ಮತ್ತು ಬಾಯಿ ಕ್ಯಾನ್ಸರ್ ಕುರಿತ ಎಚ್ಚರಿಕೆ ಇಲ್ಲದಿರುವ ಬಗ್ಗೆ ಎರಡನೇ ದೂರು.

ಮಾನ್ಯರೇ,

ನನ್ನ ಮೊದಲ ದೂರಿಗೆ ನಿಮ್ಮಿಂದ ಬಂದ ಉತ್ತರ ಎರಡೇ ಸಾಲಿನದು. ‘ನಮ್ಮ ಉತ್ಪನ್ನದಲ್ಲಿ ತಂಬಾಕು ಇಲ್ಲ. ಎಲ್ಲ ನಿಯಮಗಳನ್ನೂ ಪಾಲಿಸಿದ್ದೇವೆ.’ ತಂಬಾಕು ಇದೆ ಎಂದು ನಾನು ಬರೆದೇ ಇರಲಿಲ್ಲ. ನಾನು ಕೇಳಿದ್ದು ಅಡಿಕೆಯ ಬಗ್ಗೆ. ಹಾಗಾಗಿ ಇನ್ನೊಮ್ಮೆ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಮೈದುನ ಲಾರಿ ಓಡಿಸುತ್ತಾನೆ. ಬೀಡಿ, ಗುಟ್ಕಾ ಮುಟ್ಟಿದವನಲ್ಲ. ರಾತ್ರಿ ಗಾಡಿಯಲ್ಲಿ ತೂಕಡಿಕೆ ಬರದಿರಲಿ ಎಂದು ನಿಮ್ಮ ಪೊಟ್ಟಣ ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ‘ತಂಬಾಕು ರಹಿತ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೀರಲ್ಲ, ಅದೇ ಅವನ ಧೈರ್ಯ. ಈಗ ಅವನ ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುವುದಿಲ್ಲ. ಸಾರಿಗೆ ಖಾರ ತುಸು ಹೆಚ್ಚಾದರೆ ಬಾಯೆಲ್ಲ ಉರಿ ಎಂದು ಊಟ ಬಿಟ್ಟು ಏಳುತ್ತಾನೆ. ದಂತವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದರು. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದುಕೊಳ್ಳುವ ಕಾಯಿಲೆ. ಮುಖ್ಯ ಕಾರಣ ಅಡಿಕೆ ಜಗಿಯುವುದು. ಒಮ್ಮೆ ಬಿಗಿದದ್ದು ಪೂರ್ತಿ ಮೊದಲಿನಂತಾಗುವುದಿಲ್ಲ, ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ಅದಕ್ಕೇ ಅವನು ತಪಾಸಣೆಗೆ ಹೋಗುತ್ತಲೇ ಇರಬೇಕು.

ಇದು ಒಬ್ಬ ವೈದ್ಯರ ಅಭಿಪ್ರಾಯವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಬೆರೆಸದ ಎಲೆಅಡಿಕೆಯೂ ಅದೇ ಗುಂಪಿನಲ್ಲಿದೆ. ತಂಬಾಕೂ ಅಲ್ಲೇ ಇದೆ. ಒಂದೇ ಗುಂಪು ಎಂದರೆ ಅಪಾಯದ ಪ್ರಮಾಣ ಒಂದೇ ಎಂದಲ್ಲ, ಪುರಾವೆ ಅಷ್ಟೇ ಗಟ್ಟಿ ಎಂದು. ಹೀಗಿರುವಾಗ ‘ತಂಬಾಕು ಇಲ್ಲ’ ಎಂಬ ನಿಮ್ಮ ಮಾತು ನಿಜವೇ ಆದರೂ, ಅದು ಮಾಡುವ ಕೆಲಸ ಸುಳ್ಳಿನದು.

ಪೊಟ್ಟಣ ಈಗಲೂ ನನ್ನ ಮುಂದಿದೆ. ಎದುರಿಗೆ ಬಣ್ಣಬಣ್ಣದ ಹಣ್ಣು, ನಗುವ ಮುಖ, ‘ಮೌತ್ ಫ್ರೆಶ್‌ನರ್’ ಎಂಬ ಹೆಸರು. ಅಡಿಕೆ ಎಂಬ ಪದ ಎಲ್ಲೂ ಇಲ್ಲ. ಹಿಂದೆ, ಅಂಟಿಸಿದ ಮಡಿಕೆಯ ಪಕ್ಕದಲ್ಲಿ, ಇಂಗ್ಲಿಷಿನಲ್ಲಿ ‘ಬೀಟಲ್‌ನಟ್’ ಎಂದಿದೆ. ಅದರ ಕೆಳಗೆ ಕೃತಕ ಸಿಹಿ ಇದೆ, ಮಕ್ಕಳಿಗೆ ತಕ್ಕದ್ದಲ್ಲ ಎಂಬ ಸಾಲು, ಅದೂ ಇಂಗ್ಲಿಷಿನಲ್ಲೇ. ಸುಪಾರಿ ಜಗಿಯುವುದು ಆರೋಗ್ಯಕ್ಕೆ ಹಾನಿಕರ ಎಂಬ ಕಡ್ಡಾಯದ ಎಚ್ಚರಿಕೆ ಓದಲು ನನಗೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಬೇಕಾಯಿತು. ಹಾನಿಕರ ಎಂದರೆ ಏನು ಹಾನಿ? ಎಣ್ಣೆತಿಂಡಿಯೂ ಹಾನಿಕರವೇ. ಕ್ಯಾನ್ಸರ್ ಎಂಬ ಪದ ಇಲ್ಲ.

2022ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪಾನ್ ಮಸಾಲಾ ಪೊಟ್ಟಣದ ಮುಂಭಾಗದ ಅರ್ಧ ಜಾಗ ಎಚ್ಚರಿಕೆಗೇ ಹೋಗಬೇಕೆಂದು ನಿಯಮ ತಂದಿತು. ಸಿಗರೇಟು, ಜರ್ದಾಕ್ಕೆ ಶೇ 85 ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಬೇಕು, ಶಾಲೆಯ 100 ಗಜದೊಳಗೆ ಅವನ್ನು ಮಾರುವಂತಿಲ್ಲ. ನಿಮ್ಮದು ಪಾನ್ ಮಸಾಲಾವೂ ಅಲ್ಲ, ತಂಬಾಕೂ ಅಲ್ಲ ಎಂದು ಎರಡರಿಂದಲೂ ನುಣುಚಿಕೊಂಡಿದೆ. ನಮ್ಮೂರ ಶಾಲೆಯೆದುರಿನ ಅಂಗಡಿಯಲ್ಲಿ ಪೆಪ್ಪರ್‌ಮೆಂಟ್ ಡಬ್ಬಿಯ ಮೇಲೇ ಅದರ ಮಾಲೆ ನೇತಾಡುತ್ತದೆ.

ನಮ್ಮದೂ ಅಡಿಕೆ ತೋಟದ ಮನೆಯೇ. ಸಾಗರದ ಮಂಡಿಯಲ್ಲಿ ರಾಶಿ ಅಡಿಕೆಯ ಧಾರಣೆ ಇಳಿದರೆ ನಮ್ಮ ಮನೆಯ ಖರ್ಚೂ ಇಳಿಯುತ್ತದೆ, ಹಾಗಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಬಂದವರ ಮುಂದೆ ಎಲೆಅಡಿಕೆ ತಟ್ಟೆ ಇಡುವ ಪದ್ಧತಿ ನಮ್ಮದು, ಆ ವರದಿ ನಮ್ಮ ತಟ್ಟೆಯನ್ನೇನೂ ಬಿಟ್ಟಿಲ್ಲ. ಆದರೆ ತಟ್ಟೆಯಲ್ಲಿರುವುದು ಅಡಿಕೆ ಎಂದು ಕೈ ಹಾಕುವವರಿಗೆ ಗೊತ್ತಿರುತ್ತದೆ. ನಿಮ್ಮ ಪೊಟ್ಟಣ ಕೊಳ್ಳುವ ಏಳನೇ ಕ್ಲಾಸಿನ ಹುಡುಗನಿಗೆ ಗೊತ್ತಿಲ್ಲ.

ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ ಕಾನೂನು, ನಿಜ. ಜೊತೆಗೆ ಬೇರೆ ಭಾಷೆ ಬಳಸಬಾರದು ಎಂದು ಎಲ್ಲೂ ಹೇಳಿಲ್ಲ. ಜಾಹೀರಾತನ್ನು ಚೆಂದದ ಕನ್ನಡದಲ್ಲೇ ಮಾಡುತ್ತೀರಿ, ಎಚ್ಚರಿಕೆಗೆ ಮಾತ್ರ ಕನ್ನಡ ಬಾರದೇ?

ಕರ್ನಾಟಕದಲ್ಲಿ ಮಾರುವ ಪೊಟ್ಟಣದ ಎದುರುಭಾಗದಲ್ಲಿ, ‘ತಂಬಾಕು ರಹಿತ’ ಎಂಬುದು ಎಷ್ಟು ದಪ್ಪವಿದೆಯೋ ಅಷ್ಟೇ ದಪ್ಪಕ್ಷರದಲ್ಲಿ ‘ಇದರಲ್ಲಿ ಅಡಿಕೆ ಇದೆ. ಅಡಿಕೆ ಜಗಿದರೆ ಬಾಯಿ ಕ್ಯಾನ್ಸರ್ ಬರಬಹುದು’ ಎಂದು ಕನ್ನಡದಲ್ಲಿ ಮುದ್ರಿಸಿ. ಹಣ್ಣಿನ ಚಿತ್ರ, ನಗುವ ಮುಖ ತೆಗೆಯಿರಿ. ಮೈದುನನ ಚಿಕಿತ್ಸೆಯ ಖರ್ಚನ್ನು ನಾನು ಕೇಳುತ್ತಿಲ್ಲ. ಅವನೇ ಬೇಡ ಎಂದ.

30 ದಿನದೊಳಗೆ, ಯಾವ ಮುದ್ರಣದಿಂದ ಬದಲಾಯಿಸುತ್ತೀರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಈ ಪತ್ರವನ್ನೂ ನಿಮ್ಮ ಎರಡು ಸಾಲಿನ ಉತ್ತರವನ್ನೂ ಎಫ್‌ಎಸ್‌ಎಸ್‌ಎಐಗೆ ಮತ್ತು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕಳಿಸುತ್ತೇನೆ. ಪೊಟ್ಟಣದ ಎರಡೂ ಬದಿಯ ಫೋಟೊ, ಬ್ಯಾಚ್ ಸಂಖ್ಯೆ ಕಾಣುವಂತೆ, ಲಗತ್ತಿಸಿದ್ದೇನೆ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಗ್ರಾಹಕಿ

ಪ್ರತಿ: ಅಂಕಿತಾಧಿಕಾರಿಗಳು, ಆಹಾರ ಸುರಕ್ಷತೆ, ಶಿವಮೊಗ್ಗ ಜಿಲ್ಲೆ