ಎಡಗಾಲು ವೀಕು ಅಂತ ಮೊದ್ಲೇ ಹೇಳಿದ್ದೆ, ಆದ್ರೂ ಎಡಗಡೆ ಮಾತ್ರ ಅಳೆಯೋ ಪವರ್ ಮೀಟರ್ ಕಳಿಸಿದ್ರಿ

ಇವರಿಗೆ,
ಕಸ್ಟಮರ್ ಕೇರ್ ವಿಭಾಗ,
ಬೆಂಗಳೂರು

ವಿಷಯ: ರೋಡ್ ಬೈಕಿನ (ಸೈಕಲ್ಲಿನ) ಪವರ್ ಮೀಟರ್, ಅಂದ್ರೆ ಎಷ್ಟು ಶಕ್ತಿ ಹಾಕಿ ತುಳೀತಿದೀವಿ ಅಂತ ವ್ಯಾಟಲ್ಲಿ ಅಳೆಯೋ ಸಾಧನ, ವಾಪಸ್ ತಗೊಂಡು ಬೇರೆ ಮಾಡೆಲ್ ಕೊಡೋ ಬಗ್ಗೆ

ನಮಸ್ಕಾರ,

ಫೋನಲ್ಲಿ ಮೂರು ಸಲ, ಚಾಟಲ್ಲಿ ಐದಾರು ಸಲ ಇದೇ ಕಥೆ ಹೇಳಿ ಸಾಕಾಗಿದೆ, ಪ್ರತಿ ಸಲ ಬೇರೆ ಯಾರೋ ಬಂದು "ಏನ್ ಪ್ರಾಬ್ಲಂ ಸರ್" ಅಂತ ಮೊದಲಿಂದ ಶುರು ಮಾಡ್ತಾರೆ, ಅದಕ್ಕೇ ಈಗ ಎಲ್ಲಾ ಒಂದೇ ಕಡೆ ಬರೆದು ಕಳಿಸ್ತಿದೀನಿ. ದಯವಿಟ್ಟು ಪೂರ್ತಿ ಓದಿ. ಬ್ಯಾಟರಿ ಚೇಂಜ್ ಮಾಡಿ ನೋಡಿ ಅಂತ ಮಾತ್ರ ಮತ್ತೆ ಉತ್ತರ ಹಾಕ್ಬೇಡಿ ಮಾರಾಯ್ರೆ, ಎರಡು ಹೊಸ ಸಿಆರ್2032 ಸೆಲ್ ಹಾಕಿ ನೋಡಿ ಆಗಿದೆ. ಎತ್ತು ಈದಿದೆ ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತು ನಿಮ್ಮ ಚಾಟ್.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ, ಮೀಟರ್ ಕೆಟ್ಟಿಲ್ಲ. ಅದು ಸರಿಯಾಗೇ ಕೆಲಸ ಮಾಡ್ತಿದೆ. ನನ್ನ ದೂರು ನೀವು ಕೊಟ್ಟ ಸಲಹೆ ಮೇಲೆ.

ಮಾರ್ಚ್‌ನಲ್ಲಿ ನಾನು ನಿಮಗೆ ಚಾಟ್ ಮಾಡಿದಾಗ ಏನು ತಗೊಳ್ಳಬೇಕು ಅಂತ ನಂಗೆ ಗ್ಯಾರಂಟಿ ಇರ್ಲಿಲ್ಲ. ನನ್ನ ಬೈಕಲ್ಲಿ ಶಿಮಾನೊ 105 ಕ್ರ್ಯಾಂಕ್ (ಪೆಡಲ್ ಕೂರೋ ತೋಳು), ಉದ್ದ 170 ಎಂಎಂ. ಮೂರು ಥರ ನೋಡಿಟ್ಟಿದ್ದೆ: ಎರಡೂ ಪೆಡಲಲ್ಲಿ ಸೆನ್ಸರ್ ಇರೋದು, ಚೈನ್‌ರಿಂಗ್ (ಚೈನ್ ಕೂರೋ ಮುಂದಿನ ಹಲ್ಲಿನ ಚಕ್ರ) ಹಿಡಿಯೋ ಸ್ಪೈಡರಲ್ಲಿ ಇರೋದು, ಆಮೇಲೆ ಎಡಗಡೆ ಕ್ರ್ಯಾಂಕ್ ಆರ್ಮಲ್ಲಿ ಮಾತ್ರ ಇರೋದು. ಪೆಡಲ್ ಆದ್ರೆ ಕ್ಲೀಟ್ (ಶೂ ತಳದಲ್ಲಿ ಪೆಡಲಿಗೆ ಸಿಕ್ಕಿಸೋ ತುಂಡು) ಬದಲಾಯಿಸ್ಬೇಕಾಗ್ಬಹುದು, ನಮ್ಮ ಕಡೆ ರಸ್ತೆ ಬದಿ ಕಲ್ಲಿಗೆ ಬಡಿದ್ರೆ ಹೋಯ್ತು ಅನ್ನೋ ಭಯ, ರೇಟೂ ಹೆಚ್ಚು ಕಮ್ಮಿ ಡಬಲ್. ಸ್ಪೈಡರಿಗೆ ಹೋದ್ರೆ ಕ್ರ್ಯಾಂಕ್‌ಸೆಟ್ಟೇ ಬದಲಾಯಿಸೋ ಖರ್ಚು. ಎಡಗಡೆ ಆರ್ಮ್ ಅಗ್ಗ, ಎರಡು ಪಿಂಚ್ ಬೋಲ್ಟ್ ಬಿಚ್ಚಿ ಹಳೇದು ತೆಗೆದು ಹೊಸದು ಹಾಕಿ 12ರಿಂದ 14 ನ್ಯೂಟನ್ ಮೀಟರಿಗೆ ಟೈಟ್ ಮಾಡಿದ್ರೆ ಮುಗೀತು. ಮನಸ್ಸು ಅದರ ಕಡೆಗೇ ಇತ್ತು, ಸುಳ್ಳು ಹೇಳಲ್ಲ.

ಆದ್ರೆ ನಾನು ಚಾಟಲ್ಲಿ ಬರೆದಿದ್ದ ಸಾಲು ಇದು, ಸ್ಕ್ರೀನ್‌ಶಾಟ್ ಇದೆ: "ಎರಡು ವರ್ಷದ ಹಿಂದೆ ತೋಟದಲ್ಲಿ ಜಾರಿ ಬಿದ್ದು ಎಡಗಾಲಿನ ಮಂಡಿ ಲಿಗಮೆಂಟ್ ಆಪರೇಷನ್ ಆಗಿದೆ, ಆ ಕಾಲು ಇನ್ನೂ ವೀಕು, ಎಡಗಡೆ ಮಾತ್ರ ಅಳೆದ್ರೆ ನಂಗೆ ಸರಿ ಬರುತ್ತಾ?" ಅದಕ್ಕೆ ನಿಮ್ಮವರ ಉತ್ತರ: "ಬರುತ್ತೆ ಸರ್, ಎರಡೂ ಕಾಲಿನ ಟೋಟಲ್ ಪವರ್ ತೋರ್ಸುತ್ತೆ, ಅಕ್ಯುರೆಸಿ ಪ್ಲಸ್ ಆರ್ ಮೈನಸ್ 1 ಪರ್ಸೆಂಟ್, ಸ್ಟಾಕಲ್ಲಿ ಒಂದೇ ಪೀಸ್ ಇದೆ." ಆ ಕೊನೇ ಮಾತಿಗೇ ನಾನು ಬಿದ್ದೆ. 28,500 ರೂಪಾಯಿ ಕಟ್ಟಿದೆ.

ನಿಮ್ಮವರಿಗೆ ಗೊತ್ತಿಲ್ಲದೇ ಇರಬಹುದು ಅಂತ ಬಿಡಿಸಿ ಹೇಳ್ತೀನಿ. ಆ ಆರ್ಮಿನ ಒಳಬದಿಗೆ ಸ್ಟ್ರೇನ್ ಗೇಜ್ ಅನ್ನೋ ಸೆನ್ಸರ್ ಅಂಟಿಸಿರ್ತಾರೆ, ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತೆ, ಅದರಿಂದ ಟಾರ್ಕ್, ಅಂದ್ರೆ ತಿರುಗಿಸೋ ಬಲ ಸಿಗುತ್ತೆ, ಅದನ್ನ ಕ್ರ್ಯಾಂಕ್ ತಿರುಗೋ ವೇಗದಿಂದ ಗುಣಿಸಿದ್ರೆ ಪವರ್. ಇಷ್ಟೆಲ್ಲಾ ಎಡಗಾಲಿಗೆ ಮಾತ್ರ. ಬಲಗಾಲು ಏನು ಮಾಡ್ತಿದೆ ಅಂತ ಅದಕ್ಕೆ ಗೊತ್ತೇ ಆಗಲ್ಲ, ಎಡಗಾಲಿನ ಲೆಕ್ಕಾನ 2ರಿಂದ ಗುಣಿಸಿ ಇದೇ ಟೋಟಲ್ ಅನ್ನುತ್ತೆ. ಆ 1 ಪರ್ಸೆಂಟ್ ಅನ್ನೋದು ಎಡಗಾಲಿನ ಅಳತೆಗೆ, ಟೋಟಲ್ಲಿಗೆ ಅಲ್ಲ. ಎರಡೂ ಕಾಲು ಸಮ ಇರೋರಿಗೆ ಇದರಿಂದ ಏನೂ ತೊಂದ್ರೆ ಇಲ್ಲ, ನನ್ನಂಥವನಿಗೆ ಇದನ್ನ ಕೊಡೋದು ಅಂದ್ರೆ ಒಂದು ಕಡೆ ಚೀಲ ತೂಗಿ ಇನ್ನೊಂದೂ ಅಷ್ಟೇ ಇರುತ್ತೆ ಬಿಡಿ ಅಂದಂಗೆ. ನಮ್ಮೂರಲ್ಲಿ ಕಾಫಿ ಹಂಗೆ ತೂಗಿದ್ರೆ ಜಗಳ ಆಗುತ್ತೆ.

ಮೊದಲ ತಿಂಗಳು ನಂಗೆ ಗೊತ್ತಾಗ್ಲಿಲ್ಲ. ನಂಬರ್ ಕಮ್ಮಿ ಬರ್ತಿದೆ ಅನ್ಸಿದ್ರೂ ಆಪರೇಷನ್ ಆದ್ಮೇಲೆ ನಾನೇ ಇಷ್ಟಕ್ಕೆ ಇಳಿದಿದೀನೇನೋ ಅಂತ ಬೇಜಾರು ಮಾಡ್ಕೊಂಡು ಇನ್ನೂ ಜೋರಾಗಿ ತುಳಿದೆ. ಆಮೇಲೆ ಹಾಸನದಿಂದ ನನ್ನ ಫ್ರೆಂಡ್ ಒಬ್ಬ ಬಂದಿದ್ದ, ಅವನ ಹತ್ರ ಎರಡೂ ಕಡೆ ಅಳೆಯೋ ಪೆಡಲ್ ಇದೆ, ಒಂದು ವಾರ ಇಟ್ಕೊಳ್ಳೋ ಅಂತ ಬಿಟ್ಟು ಹೋದ. ಅದನ್ನ ನನ್ನ ಬೈಕಿಗೆ ಹಾಕಿ, ಹ್ಯಾಂಡಲಿಗೆ ಎರಡು ಹೆಡ್ ಯೂನಿಟ್ (ನಂಬರ್ ತೋರ್ಸೋ ಸೈಕಲ್ ಕಂಪ್ಯೂಟರ್) ಕಟ್ಟಿ, ಒಂದಕ್ಕೆ ಪೆಡಲ್ ಇನ್ನೊಂದಕ್ಕೆ ನಿಮ್ಮ ಕ್ರ್ಯಾಂಕ್ ಕನೆಕ್ಟ್ ಮಾಡಿ, ಭಾರ ಇಲ್ಲದಾಗ ಸೊನ್ನೆ ತೋರ್ಸೋ ಹಂಗೆ ಎರಡಕ್ಕೂ ಝೀರೋ ಆಫ್‌ಸೆಟ್ ಮಾಡಿ ಬೆಳಗ್ಗೆ ಕೈಮರದ ಕಡೆಯಿಂದ ಸೀತಾಳಯ್ಯನಗಿರಿ ದಾರಿ ಹತ್ತಿದೆ. 500 ಮೀಟರ್ ಎತ್ತರ ಏರಿದಾಗ ಲ್ಯಾಪ್ ಬಟನ್ ಒತ್ತಿದೆ, 36 ನಿಮಿಷ ಆಗಿತ್ತು. ಪೆಡಲ್ ಹೇಳಿದ್ದು ಸರಾಸರಿ 205 ವ್ಯಾಟ್, ಅದರಲ್ಲಿ ಎಡಗಾಲು 44 ಪರ್ಸೆಂಟ್, ಬಲಗಾಲು 56. ನಿಮ್ಮ ಕ್ರ್ಯಾಂಕ್ ಹೇಳಿದ್ದು 180.

205ರಲ್ಲಿ 44 ಪರ್ಸೆಂಟ್ ಅಂದ್ರೆ 90, ಅದರ ಎರಡರಷ್ಟು 180. ಕರೆಕ್ಟಾಗಿ ಕೂತಿದೆ ನೋಡಿ!

ನಿಮ್ಮವರು ಇದಕ್ಕೆ "ಪೆಡಲೇ ತಪ್ಪಿರಬಹುದು" ಅಂದ್ರು. ಆಯ್ತು, ಪೆಡಲ್ ಪಕ್ಕಕ್ಕಿಡಿ, ಬೆಟ್ಟ ಸುಳ್ಳು ಹೇಳುತ್ತಾ? ಬೈಕ್, ನೀರಿನ ಬಾಟ್ಲಿ, ನಾನು, ಎಲ್ಲಾ ಸೇರಿ 79 ಕೆಜಿ. ಅಷ್ಟು ತೂಕಾನ 500 ಮೀಟರ್ ಮೇಲೆತ್ತಬೇಕು, 36 ನಿಮಿಷ ಅಂದ್ರೆ 2,160 ಸೆಕೆಂಡಲ್ಲಿ. 79 ಇಂಟು 9.81 ಇಂಟು 500, ಭಾಗಿಸು 2,160. ಪಿಯುಸಿ ಫಿಸಿಕ್ಸು. 179 ವ್ಯಾಟ್ ಬರುತ್ತೆ. ಇದು ಬರೀ ಎತ್ತೋಕೆ. ಟಯರ್ ರಸ್ತೆಗೆ ತಿಕ್ಕೋದು, ಗಾಳಿ, ಚೈನಲ್ಲಿ ಕಳೆಯೋದು ಇವೆಲ್ಲ ಅದರ ಮೇಲೆ. ನಿಮ್ಮ ಮೀಟರ್ ಪ್ರಕಾರ ಅದೆಲ್ಲ ಸೇರಿ 1 ವ್ಯಾಟಲ್ಲಿ ಮುಗಿದಿದೆ. ಗಿರಿ ರಸ್ತೆ ಒಂದು ಸಲ ನೋಡಿದೋರು ಯಾರೂ ಇದನ್ನ ಒಪ್ಪಲ್ಲ.

ಹಾಗಾದ್ರೆ ಮೀಟರ್ ಡಿಫೆಕ್ಟಾ ಅಂತ ಅದನ್ನೂ ಚೆಕ್ ಮಾಡಿದೆ. ಪಕ್ಕದ ತೋಟದವರ ಕಾಫಿ ತೂಗೋ ಎಲೆಕ್ಟ್ರಾನಿಕ್ ತಕ್ಕಡೀಲಿ ಹಗ್ಗ ಸೇರಿ ಸರಿಯಾಗಿ 20 ಕೆಜಿ ಚೆರಿ ಚೀಲ ತೂಗಿ, ಹಿಂದಿನ ಚಕ್ರ ತಿರುಗದಂಗೆ ಬ್ರೇಕ್ ಬಿಗಿದು, ಎಡ ಕ್ರ್ಯಾಂಕ್ ನೆಲಕ್ಕೆ ಸಮ ಇಟ್ಟು ಪೆಡಲಿಗೆ ನೇತುಹಾಕಿದೆ. ಆ ತೋಟದ ಯಜಮಾನ್ರು "ಎಂತ ಮಾಡ್ತಿದೀಯ ಮಗಾ, ಸೈಕಲ್ಲಿಗೆ ಕಾಫಿ ಕುಡಿಸ್ತಿದೀಯಾ" ಅಂತ ನಕ್ಕರು. 20 ಕೆಜಿಗೆ 170 ಎಂಎಂ ಕ್ರ್ಯಾಂಕಲ್ಲಿ 33.35 ನ್ಯೂಟನ್ ಮೀಟರ್ ಬರಬೇಕು, ಮೀಟರಿನ ಆ್ಯಪಲ್ಲಿ ಬಂದಿದ್ದು 33.1. ಒಂದು ಪರ್ಸೆಂಟ್ ಒಳಗೇ ಇದೆ. ಅಂದ್ರೆ ತಯಾರಿಸಿದವರು ಹೇಳಿದ ಮಾತು ಉಳಿಸ್ಕೊಂಡಿದಾರೆ, ಮಾರಿದವರು ಉಳಿಸ್ಕೊಂಡಿಲ್ಲ.

ಇನ್ನೊಂದು ಉತ್ತರ ಬಂದಿತ್ತು, "ಸರ್ ನಂಬರ್ ಕಮ್ಮಿ ಬಂದ್ರೂ ಪರ್ವಾಗಿಲ್ಲ, ಯಾವಾಗ್ಲೂ ಒಂದೇ ಥರ ಕಮ್ಮಿ ಬಂದ್ರೆ ಟ್ರೈನಿಂಗಿಗೆ ಸಾಕು" ಅಂತ. ಈ ಮಾತಲ್ಲಿ ಸ್ವಲ್ಪ ನ್ಯಾಯ ಇದೆ, ಒಪ್ಕೋತೀನಿ, 20 ನಿಮಿಷದ ಟೆಸ್ಟ್ ಮಾಡಿ ಅದರ ಸರಾಸರಿ ಪವರಿನ 95 ಪರ್ಸೆಂಟ್ ಇಟ್ಕೊಂಡು ಟ್ರೈನಿಂಗ್ ಝೋನ್ (ಎಷ್ಟು ಜೋರಾಗಿ ತುಳೀಬೇಕು ಅನ್ನೋ ಹಂತ) ಹಾಕೋರಿಗೆ ಟೆಸ್ಟೂ ರೈಡೂ ಒಂದೇ ಮೀಟರಲ್ಲಿ ಆದ್ರೆ ನಡೆಯುತ್ತೆ. ಆದ್ರೆ ನಂದು ಒಂದೇ ಥರ ಕಮ್ಮಿ ಬರಲ್ಲ. ಅದೇ ಗಿರಿ ರೈಡಲ್ಲಿ ಮೊದಲ 10 ನಿಮಿಷ ಎಡಗಾಲು 46 ಪರ್ಸೆಂಟ್, ಕೊನೆ 10 ನಿಮಿಷ ಸುಸ್ತಾಗಿ 42. ನಾನು 205ರಲ್ಲೇ ತುಳೀತಿದ್ರೂ ನಿಮ್ಮ ಮೀಟರ್ ಮೊದ್ಲು 189 ತೋರ್ಸಿ ಕೊನೆಗೆ 172 ತೋರ್ಸುತ್ತೆ. ಅದನ್ನ ನಂಬಿ ಒಂದು ತಿಂಗಳು ಕೊನೇಲಿ ಇನ್ನೂ ಒತ್ತಿ ತುಳಿದಿದೀನಿ, ಆ ಒತ್ತೆಲ್ಲ ಬಲಗಾಲಿನ ಮೇಲೆ ಬಿದ್ದು ಈಗ ಆ ಮಂಡಿನೂ ನೋವು. ಫಿಸಿಯೋ ಹತ್ರ ಹೋಗಿ ಬೈಸ್ಕೊಂಡು ಬಂದೆ. ಆ ದುಡ್ಡು ನಿಮ್ಮನ್ನ ಕೇಳ್ತಿಲ್ಲ.

ನಾನು ಕೇಳ್ತಿರೋದು ಇಷ್ಟು. ಈ ಆರ್ಮ್ ವಾಪಸ್ ತಗೊಳ್ಳಿ, ಎರಡೂ ಕಡೆ ಬೇರೆ ಬೇರೆ ಅಳೆಯೋ ಪೆಡಲ್ ಕೊಡಿ, ರೇಟಲ್ಲಿ ಎಷ್ಟು ವ್ಯತ್ಯಾಸ ಇದೆಯೋ ನಾನೇ ಕಟ್ತೀನಿ. ಅದು ಆಗಲ್ಲ ಅಂದ್ರೆ ಪೂರ್ತಿ 28,500 ವಾಪಸ್ ಹಾಕಿ. "ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್ ಇದ್ರೆ ಮಾತ್ರ ರಿಟರ್ನ್" ಅನ್ನೋ ಪಾಲಿಸಿ ತೋರಿಸ್ಬೇಡಿ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮದಲ್ಲಿ ಡಿಫೆಕ್ಟ್ ಅಷ್ಟೇ ಅಲ್ಲ, ಜಾಹೀರಾತಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣ ಇಲ್ಲದ ವಸ್ತುನೂ ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ ಅಂತ ಇದೆ. ಎರಡೂ ಕಾಲಿನ ಪವರ್ ತೋರ್ಸುತ್ತೆ ಅಂತ ಬರೆದು ಕೊಟ್ಟಿದ್ದು ನಿಮ್ಮವರೇ. 15 ದಿನದಲ್ಲಿ ಉತ್ತರ ಬರದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಆಮೇಲೆ ಇಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ಅಲ್ಲಿಗೂ ಹೋಗ್ತೀನಿ.

ಹಂಗೇ ನಿಮ್ಮ ಪ್ರಾಡಕ್ಟ್ ಪೇಜಲ್ಲಿ "ಟೋಟಲ್ ಪವರ್" ಅಂತ ಇರೋ ಕಡೆ "ಎಡಗಾಲಿನ ಪವರ್ ಇಂಟು 2" ಅಂತ ಹಾಕಿ. ಅಷ್ಟು ಹಾಕಿದ್ರೆ ಸಮ ಇರೋರು ತಗೋತಾರೆ, ನನ್ನಂಥೋರು ಬೇರೆ ನೋಡ್ತಾರೆ, ನಿಮಗೂ ಕಾಟ ಇಲ್ಲ.

ಹಳೇ ಎಡ ಆರ್ಮ್ ಮತ್ತೆ ಹಾಕ್ಕೊಂಡಿದೀನಿ, ನಿಮ್ಮದನ್ನ ಒರೆಸಿ ಬಾಕ್ಸಲ್ಲಿ ಬಿಲ್ ಸಮೇತ ಇಟ್ಟಿದೀನಿ, ಒಂದು ಗೀಟೂ ಬಿದ್ದಿಲ್ಲ. ಚಾಟ್ ಸ್ಕ್ರೀನ್‌ಶಾಟ್, ಎರಡೂ ಹೆಡ್ ಯೂನಿಟಿನ ಫೈಲ್, ಕಾಫಿ ಚೀಲ ನೇತಾಕಿದ ಫೋಟೋ ಇದರ ಜೊತೆ ಲಗತ್ತಿಸಿದೀನಿ. ಪಿಕಪ್‌ಗೆ ಹುಡುಗನ್ನ ಕಳಿಸೋದಾದ್ರೆ ಹಿಂದಿನ ದಿನವೇ ವಾಟ್ಸಾಪ್ ಮಾಡಿ, ಮಳೆ ಹಿಡೀತು ಅಂದ್ರೆ ನಮ್ಮ ಕಡೆ ಕರೆಂಟೂ ಇರಲ್ಲ ಟವರೂ ಇರಲ್ಲ, ಕಾಲ್ ಹೋಗ್ಲಿಲ್ಲ ಅಂತ "ಕಸ್ಟಮರ್ ಸಿಗಲಿಲ್ಲ" ಬರೆದು ಕೇಸ್ ಕ್ಲೋಸ್ ಮಾಡ್ಬೇಡಿ.

ಇಂತಿ,
ನಿಮ್ಮ ಗ್ರಾಹಕ
ಚಿಕ್ಕಮಗಳೂರು