ಕರಿಕೋಟು ಹಾಕಿಸಿದವರಿಗೆ

ವಕೀಲಿಕೆ ಮಾಡೋಕೆ ಬರೆಯಬೇಕಾದ ಬಾರ್ ಪರೀಕ್ಷೆ ಪಾಸಾಯಿತು. ಪ್ರಾಕ್ಟೀಸ್ ಸರ್ಟಿಫಿಕೇಟೂ ಕೈಗೆ ಬಂತು. ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಹವಾಲ್ದಾರ್ ಆಗಿದ್ದವನು ಇನ್ನು ಹಾಸನದ ಕೋರ್ಟಿನಲ್ಲಿ ವಕೀಲ. ನಮ್ಮೂರಲ್ಲಿ ಕೆಲವರಿಗೆ ಇನ್ನೂ ನಂಬಿಕೆ ಬಂದಿಲ್ಲ. ನಲವತ್ತು ದಾಟಿದವನು ದಿನಾ ಬೆಳಗ್ಗೆ ಬ್ಯಾಗು ಹಾಕಿಕೊಂಡು ಬಸ್ಸು ಹತ್ತೋದನ್ನು ನೋಡಿ, ಪಿಂಚಣಿ ಸಾಲದೆ ಎಲ್‌ಐಸಿ ಏಜೆಂಟ್ ಆಗಿದ್ದಾನೆ ಅಂದುಕೊಂಡವರೂ ಇದ್ದರು.

ಸೇನೆಯಿಂದ ಬಂದವರಿಗೆ ನಮ್ಮ ಕಡೆ ಮರ್ಯಾದೆಗೆ ಏನೂ ಕಡಿಮೆ ಇಲ್ಲ. ಆಗಸ್ಟ್ 15 ಬಂದರೆ ಶಾಲು, ಹಾರ, ಹಣ್ಣಿನ ತಟ್ಟೆ. ಭಾಷಣ ಮುಗಿದ ಮೇಲೆ ಪಕ್ಕಕ್ಕೆ ಕರೆದು, ‘ಮಿಲಿಟ್ರಿ ಕ್ಯಾಂಟೀನ್‌ನಲ್ಲಿ ಒಂದು ಬಾಟಲಿ ಸಿಗುತ್ತಾ?’ ಅಂತಾನೂ ಕೇಳುತ್ತಾರೆ. ಮುಂದೆ ಏನು ಕೆಲಸ ಮಾಡಲಿ ಅಂತ ನಾವು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ಸೆಕ್ಯುರಿಟಿ. ಆ ಕೆಲಸದ ಬಗ್ಗೆ ನನಗೆ ತಾತ್ಸಾರ ಇಲ್ಲ, ನನ್ನ ಜೊತೆಯವರು ಎಷ್ಟೋ ಜನ ಅದರಲ್ಲೇ ಮಕ್ಕಳನ್ನು ಓದಿಸಿದ್ದಾರೆ. ನನಗೆ ಓದಬೇಕು ಅನ್ನಿಸಿತ್ತು, ಅಷ್ಟೇ. ಓದೋಕೆ ಕೂತ ಮಾಜಿ ಸೈನಿಕನಿಗೆ ಬೇಕಾಗೋದು ತೀರಾ ಸಣ್ಣ ಸಣ್ಣ ಸಹಾಯ. ತಪ್ಪಿಸಿಕೊಂಡ ಕ್ಲಾಸಿನ ನೋಟ್ಸು. ಯಾವ ಅರ್ಜಿಗೆ ಯಾವ ಕಾಗದ ಲಗತ್ತಿಸಬೇಕು ಅನ್ನೋ ಮಾಹಿತಿ. ಬರೆದದ್ದು ಸರಿ ಇಲ್ಲದಿದ್ದರೆ ಮುಖಕ್ಕೆ ಹೇಳೋರು. ಇದನ್ನೆಲ್ಲ ಕೊಟ್ಟವರಿಗೆ ಈ ಬರಹ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಹೇಳಿದ್ದಾರೆ, ಹಾಕಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲ ನಮಸ್ಕಾರ ಕನ್ನಡವೇ ಬಾರದ ಒಬ್ಬರಿಗೆ. ಸೈನಿಕರಿಗೆ ಪಾಠ ಹೇಳುವ ಎಜುಕೇಶನ್ ಕೋರ್‌ನಿಂದ ನಮ್ಮ ಯೂನಿಟ್ಟಿಗೆ ಬಂದಿದ್ದ ಸಾಹೇಬರು, ರಾಜಸ್ಥಾನದವರು. ‘ಪಿಯುಸಿ ಮಾಡಿ ಬಂದವನು ಪಿಯುಸಿಯಲ್ಲೇ ಮನೆಗೆ ಹೋಗ್ತೀಯಾ?’ ಅಂತ ಗದರಿಸಿ ಇಗ್ನೋ ಬಿಎಗೆ ಅರ್ಜಿ ತುಂಬಿಸಿದವರು ಅವರೇ. 1985ರಲ್ಲಿ ಶುರುವಾದ ಈ ಮುಕ್ತ ವಿಶ್ವವಿದ್ಯಾಲಯ ನಮ್ಮಂಥ ಅಲೆಮಾರಿಗಳಿಗೆ ಹೇಳಿ ಮಾಡಿಸಿದ್ದು. ಜೂನ್‌ನಲ್ಲಿ ಒಂದು ಪರೀಕ್ಷೆ, ಡಿಸೆಂಬರ್‌ನಲ್ಲಿ ಒಂದು. ಪೋಸ್ಟಿಂಗ್ ಬದಲಾದರೆ ಪರೀಕ್ಷಾ ಕೇಂದ್ರವನ್ನೂ ಬದಲಿಸಿಕೊಳ್ಳಬಹುದು. ಮೂರು ವರ್ಷದ ಪದವಿಯನ್ನು ಆರು ವರ್ಷದ ತನಕ ಎಳೆಯಬಹುದು. ಅಸೈನ್‌ಮೆಂಟ್‌ಗೆ ಶೇ 30 ಅಂಕ, ಅದನ್ನು ಕೈಯಲ್ಲೇ ಬರೆಯಬೇಕು. ಎತ್ತರದ ಜಾಗದಲ್ಲಿ ಇದ್ದಾಗ ಇಂಕು ಇಳಿಯುತ್ತಿರಲಿಲ್ಲ. ಪೆನ್ನನ್ನು ಬುಖಾರಿ, ಅಂದರೆ ಕೋಣೆ ಬೆಚ್ಚಗಿಡುವ ಒಲೆ, ಅದರ ಹತ್ತಿರ ಹಿಡಿಯೋದು, ನಾಲ್ಕು ಸಾಲು ಬರೆಯೋದು, ಮತ್ತೆ ಹಿಡಿಯೋದು. ಬರೆದದ್ದು ಹಿಂದಿಯಲ್ಲಿ. ಸೇನೆ ಕಲಿಸಿದ ಹಿಂದಿ, ಲಿಂಗ ವಚನ ಎಲ್ಲ ಎಡವಟ್ಟು. ಸಾಹೇಬರು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ಡಿಸೆಂಬರ್ ಪರೀಕ್ಷೆಗೆ ರಜೆ ಕೊಟ್ಟ ಕಂಪನಿ ಕಮಾಂಡರ್‌ಗೂ ಇಲ್ಲೇ ಒಂದು ಸಲ್ಯೂಟ್.

ಆ ಬಿಎ ಎಷ್ಟು ಮುಖ್ಯ ಅಂತ ಗೊತ್ತಾಗಿದ್ದು ನಿವೃತ್ತಿಯಾದ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸೇವೆಯಲ್ಲಿರುವ ಹುಡುಗರು ಯಾರಾದರೂ ಓದಬಹುದು. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮುಗಿಸಿದವರಿಗೆ ಪದವಿಗೆ ಸಮ ಅನ್ನುವ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಪದವಿ ಕೇಳುವ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಅದು ನಡೆಯುತ್ತದೆ, ತಾಂತ್ರಿಕ ಹುದ್ದೆಗಳನ್ನು ಬಿಟ್ಟು. ಎಲ್‌ಎಲ್‌ಬಿ ಸೀಟಿಗೆ ನಡೆಯಲ್ಲ. ಅಲ್ಲಿ ವಿಶ್ವವಿದ್ಯಾಲಯದ ಪದವಿಯೇ ಬೇಕು, ಅದೂ ಎಸ್ಸೆಸ್ಸೆಲ್ಸಿ, ಪಿಯುಸಿ, ಆಮೇಲೆ ಪದವಿ ಅನ್ನೋ ಕ್ರಮದಲ್ಲಿ. ಸಾಮಾನ್ಯ ವರ್ಗಕ್ಕೆ ಶೇ 45 ಅಂಕ ಇರಬೇಕು. ಅರಸೀಕೆರೆ ಕಡೆಯ ನನ್ನ ಗೆಳೆಯನೂ ಲಾ ಓದಬೇಕು ಅಂತ ಆಸೆಪಟ್ಟಿದ್ದ. ಅವನ ಹತ್ತಿರ ಸೇನೆಯ ಸರ್ಟಿಫಿಕೇಟ್ ಮಾತ್ರ ಇತ್ತು. ಈಗ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಮಾಡುತ್ತಿದ್ದಾನೆ. ಅದು ಮುಗಿದ ಮೇಲೆ ಲಾ ಓದಿ ಅವನೂ ಕರಿಕೋಟು ಹೊಲಿಸುತ್ತಾನೆ ನೋಡಿ.

ನಾನು ವಾಪಸ್ ಬಂದಿದ್ದು 2020ರಲ್ಲಿ, ಕೊರೊನಾ ಕಾಲ. ಹಾರ ಹಾಕೋಕೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಒಂದು ವರ್ಷ ಆಲೂಗಡ್ಡೆ ಹಾಕಿದೆ, ಅಂಗಮಾರಿ ರೋಗ ಬಂತು. ಅದರ ಲೆಕ್ಕ ಇಲ್ಲಿ ಬೇಡ. ಮಾರನೇ ವರ್ಷ ಹಾಸನದ ಲಾ ಕಾಲೇಜಿನ ಆಫೀಸಿಗೆ ಹೋದಾಗ ಕೌಂಟರಿನಲ್ಲಿದ್ದ ಮೇಡಂ ನನ್ನ ಫೈಲನ್ನು ಪೂರ್ತಿ ಬಿಚ್ಚಿ ನೋಡಿದರು. ಇಗ್ನೋದಿಂದ ಮೈಗ್ರೇಷನ್ ಸರ್ಟಿಫಿಕೇಟ್ ತರಿಸಬೇಕು, ಡಿಸ್ಚಾರ್ಜ್ ಬುಕ್ಕಿನ ಯಾವ ಪುಟದ ಜೆರಾಕ್ಸ್ ಬೇಕು, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ‘ಮೂರು ವರ್ಷ ಓದೋಕೆ ಆಗುತ್ತಾ ನಿಮಗೆ?’ ಅಂತ ಕೇಳಲಿಲ್ಲ. ಮೇಡಂ, ಕೇಳದೆ ಇದ್ದದ್ದಕ್ಕೆ ತುಂಬಾ ಥ್ಯಾಂಕ್ಸ್. ಆಗ ಕೇಳಿದ್ದರೆ ಆಗಲ್ಲ ಅಂತಲೇ ಹೇಳುತ್ತಿದ್ದೆನೇನೋ.

ಎಲ್‌ಎಲ್‌ಬಿಯನ್ನು ಅಂಚೆಯಲ್ಲಿ ಮಾಡೋಕೆ ಆಗಲ್ಲ. ರೆಗ್ಯುಲರ್ ಕಾಲೇಜು, ಶೇ 70 ಹಾಜರಿ, ಆರು ಸೆಮಿಸ್ಟರ್. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಅನ್ನೋದೇ ನನಗೆ ದೊಡ್ಡ ಧೈರ್ಯ. ಆದರೆ ಇಷ್ಟು ವರ್ಷ ಹಿಂದಿಯಲ್ಲಿ ಬದುಕಿದವನ ಕನ್ನಡ ಬರವಣಿಗೆ ತುಕ್ಕು ಹಿಡಿದಿತ್ತು. ‘ಪ್ರತಿವಾದಿ’, ‘ನಿರೀಕ್ಷಣಾ ಜಾಮೀನು’ ಅಂತ ಬರೆಯೋಕೆ ಹೋಗಿ ಒತ್ತಕ್ಷರದಲ್ಲಿ ಸಿಕ್ಕಿಕೊಳ್ಳುತ್ತಿದ್ದೆ. ಆಗ ಮಗಳು ಪಿಯುಸಿ. ಅಪ್ಪನಿಗೆ ಡಿಕ್ಟೇಶನ್ ಕೊಟ್ಟು ಮಾರ್ಕ್ಸ್ ಹಾಕೋದು ಅವಳಿಗೆ ಎಷ್ಟು ಖುಷಿ ಕೊಟ್ಟಿದೆ ಅಂದರೆ, ಈಗಲೂ ನೆಂಟರ ಮುಂದೆ ಹೇಳಿಕೊಂಡು ನಗುತ್ತಾಳೆ.

ಮೊದಲ ಇಂಟರ್ನಲ್ ಟೆಸ್ಟು ಇನ್ನೂ ಕಣ್ಣ ಮುಂದೆ ಇದೆ. ಸಂವಿಧಾನ ಪಾಠ ಮಾಡುವ ಮೇಷ್ಟ್ರು ಪೇಪರ್ ವಾಪಸ್ ಕೊಡುವಾಗ ನನ್ನನ್ನು ನಿಲ್ಲಿಸಿಕೊಂಡರು. ‘ಉತ್ತರ ಸರಿ ಇದೆ. ಆದರೆ ವೈರ್‌ಲೆಸ್ ಮೆಸೇಜ್ ಥರ ಇದೆಯಲ್ರೀ!’ ನಿಜ. ದೊಡ್ಡ ಪ್ರಶ್ನೆಗೆ ಐದೇ ಸಾಲು ಬರೆದಿದ್ದೆ. ಕೇಳಿದ್ದಕ್ಕೆ ಉತ್ತರ ಕೊಟ್ಟಾಯಿತು, ಇನ್ನೇನು? ಅವರು ಸ್ಟಾಫ್ ರೂಮಿನಲ್ಲಿ ಎದುರಿಗೆ ಕೂರಿಸಿಕೊಂಡು ತೋರಿಸಿದರು. 1973ರ ಕೇಶವಾನಂದ ಭಾರತಿ ತೀರ್ಪು ಅಂತ ಹೆಸರು ಬರೆದರೆ ಆಗಲಿಲ್ಲ. ಜಗಳ ಏನಿತ್ತು, ಎರಡೂ ಕಡೆಯವರು ಏನಂದರು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಯಾಕೆ ಮುಟ್ಟುವ ಹಾಗಿಲ್ಲ ಅಂತ ಕೋರ್ಟು ಹೇಳಿತು, ಇಷ್ಟೂ ಬರಬೇಕು. ‘ನೀವು ಒಪ್ಪದೆ ಇದ್ದರೆ ಅದನ್ನೂ ಬರೀರಿ’ ಅಂದರು. ಮೇಲಿನವರು ಹೇಳಿದ್ದನ್ನು ಒಪ್ಪಲ್ಲ ಅಂತ ಬರೆದು, ಅದಕ್ಕೆ ಅಂಕ ಬೇರೆ ಪಡೆಯಬಹುದು ಅನ್ನೋದು ನನ್ನ ಸರ್ವಿಸ್‌ನಲ್ಲಿ ಎಲ್ಲೂ ಕೇಳಿರಲಿಲ್ಲ.

ಅಣಕು ನ್ಯಾಯಾಲಯದ ದಿನವೂ ಅವರೇ. ಕೋಟು ಹಾಕಿ ಎದುರಿಗೆ ಹೋಗಿ ನಿಂತೆ. ಹಿಮ್ಮಡಿ ಜೋಡಿಸಿ, ಎದೆ ಸೆಟೆದು, ‘ಮೈ ಲಾರ್ಡ್’ ಅಂದ ಜೋರಿಗೆ ಪಕ್ಕದ ಕ್ಲಾಸಿನವರು ಇಣುಕಿದರು. ಮೇಷ್ಟ್ರು ಜಡ್ಜ್ ಕುರ್ಚಿಯಿಂದಲೇ, ‘ಸಾವಧಾನ್ ಬೇಡ, ವಿಶ್ರಾಮ್!’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತಿಂದ ‘ಅಂಕಲ್’ ಹೋಗಿ ‘ಮಿಲಿಟ್ರಿ ಅಣ್ಣ’ ಆದೆ.

ಆ ಹುಡುಗ ಹುಡುಗಿಯರಿಗೆ ಏನಂತ ಹೇಳಲಿ? ಹಾಸನಾಂಬೆ ಜಾತ್ರೆ ದಿನಗಳಲ್ಲಿ ಬಸ್ಸು ಸಿಗದೆ ಕ್ಲಾಸು ತಪ್ಪಿದರೆ ಸಂಜೆಯೊಳಗೆ ನೋಟ್ಸಿನ ಫೋಟೋ ಮೊಬೈಲಿಗೆ ಬಂದಿರುತ್ತಿತ್ತು. ಕೊನೆಯ ವರ್ಷ ಸರ್ಕಾರ ಕಾನೂನನ್ನೇ ಬದಲಿಸಿತು. ಅಪರಾಧಗಳಿಗೆ ಶಿಕ್ಷೆ ಹೇಳುವ 1860ರ ಐಪಿಸಿ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಕಷ್ಟಪಟ್ಟು ಬಾಯಿಪಾಠ ಮಾಡಿದ್ದ ಕೊಲೆಯ ಕಲಂ 302 ಈಗ 103. ಊರಲ್ಲಿ ಎಲ್ಲರಿಗೂ ಗೊತ್ತಿರುವ ಮೋಸದ 420 ಈಗ 318ರ ನಾಲ್ಕನೇ ಉಪಕಲಂ. 511 ಕಲಂ ಇದ್ದದ್ದು 358ಕ್ಕೆ ಇಳಿದಿದೆ. ಇಳಿದರೆ ಸುಲಭ ಆಗಬೇಕು, ಅಲ್ವಾ? ಹಳೇ ನಂಬರು ತಲೆಯಿಂದ ಹೋಗೋದೇ ಇಲ್ಲ. ಬೇಲೂರಿನ ಹುಡುಗಿಯೊಬ್ಬಳು ಹಳೇದು ಒಂದು ಕಡೆ, ಹೊಸದು ಒಂದು ಕಡೆ ಬರೆದು ಪಟ್ಟಿ ಮಾಡಿ ನನಗೂ ಒಂದು ಪ್ರತಿ ಕೊಟ್ಟಳು. ಬಾರ್ ಪರೀಕ್ಷೆಗೂ ಅದೇ ಪಟ್ಟಿ ಕೈ ಹಿಡಿಯಿತು. ನೂರು ಪ್ರಶ್ನೆ, ಸಾಮಾನ್ಯ ವರ್ಗಕ್ಕೆ ಶೇ 45 ಬಂದರೆ ಪಾಸು, ಕನ್ನಡದಲ್ಲೂ ಬರೆಯಬಹುದು. ಆ ಪಟ್ಟಿ ಇಲ್ಲದಿದ್ದರೂ ಪಾಸಾಗುತ್ತಿದ್ದೆ ಅಂತ ಜಂಬ ಕೊಚ್ಚಿಕೊಳ್ಳಲ್ಲ.

ಎನ್‌ರೋಲ್‌ಮೆಂಟ್‌ಗೆ, ಅಂದರೆ ವಕೀಲನಾಗಿ ಹೆಸರು ನೋಂದಾಯಿಸೋಕೆ ಅಂತ ಹಾಲಿನ ದುಡ್ಡಲ್ಲಿ ಒಂದಷ್ಟು ಎತ್ತಿಟ್ಟಿದ್ದೆವು. ರಾಜ್ಯ ಬಾರ್ ಕೌನ್ಸಿಲ್‌ಗಳು 1961ರ ವಕೀಲರ ಕಾಯ್ದೆಯಲ್ಲಿ ಹೇಳಿರುವುದಕ್ಕಿಂತ ಜಾಸ್ತಿ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿತ್ತು. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಅದಕ್ಕೂ ಮುಂಚೆ ಹಲವು ರಾಜ್ಯಗಳಲ್ಲಿ ಇದು ಸಾವಿರಗಟ್ಟಲೆ ಇತ್ತು. ಆ ಕೇಸು ಹಾಕಿದವರು ಯಾರೋ, ನನ್ನ ಮುಖ ಕಂಡವರಲ್ಲ. ಅವರಿಗೂ ನಮಸ್ಕಾರ. ಉಳಿದ ದುಡ್ಡಲ್ಲಿ ಕೋಟು ಬಂತು.

ನಾನು ಕೆಲಸ ಕಲಿಯುತ್ತಿರುವ ಸೀನಿಯರ್ ವಕೀಲರ ಬಗ್ಗೆ ಉದ್ದಕ್ಕೆ ಬರೆದರೆ ಅವರು ಬೈಯುತ್ತಾರೆ. ಒಂದು ಕೇಸು ಮಾತ್ರ ಹೇಳುತ್ತೇನೆ. ಆಲೂರು ಕಡೆಯ ಅಜ್ಜಿಯೊಬ್ಬರು ಬಂದಿದ್ದರು, ಸೈನಿಕನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಸಿಕ್ಕಿರಲಿಲ್ಲ. ಸೇನೆಯ ದಾಖಲೆಯಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಆಧಾರ್‌ನಲ್ಲಿ ಇಲ್ಲ. ಅಷ್ಟೇ ಕಾರಣ. ಈಗ ಸೇನೆಯ ಪಿಂಚಣಿಯೆಲ್ಲ ‘ಸ್ಪರ್ಶ್’ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ, ಪ್ರಯಾಗರಾಜ್‌ನ ಪಿಂಚಣಿ ಕಚೇರಿಯ ಕೈಯಲ್ಲಿ. ಅಜ್ಜಿ ಬ್ಯಾಂಕಿನವರನ್ನು ಕೇಳಿ ಕೇಳಿ ಸೋತಿದ್ದರು. ಸೀನಿಯರ್ ಫೈಲನ್ನು ನನ್ನ ಕಡೆ ತಳ್ಳಿ, ‘ಇದು ನಿನ್ನ ಭಾಷೆ ಕಣಯ್ಯ, ನೀನೇ ಓದು’ ಅಂದರು. ನಿಜಕ್ಕೂ ನನ್ನ ಭಾಷೆಯೇ. ಸೈನಿಕನ ಮದುವೆಯನ್ನು ದಾಖಲು ಮಾಡಿದ ಪಾರ್ಟ್ ಟು ಆರ್ಡರ್ ಎಲ್ಲಿರುತ್ತೆ, ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಹೇಗೆ ಬರೆದರೆ ಫೈಲು ಅಲುಗಾಡುತ್ತೆ, ಇದು ಗೊತ್ತಿರೋರು ಕೋರ್ಟಿನ ಸುತ್ತ ಕಮ್ಮಿ. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿದೆವು, ಕಾಗದ ಬರೆದೆವು, ಮತ್ತೆ ನೆನಪಿಸಿ ಬರೆದೆವು. ಪಿಂಚಣಿ ಬಂತು, ಬಾಕಿಯೂ ಸೇರಿ. ಕೋರ್ಟಿಗೆ ಹೋಗೋ ಪ್ರಮೇಯವೇ ಬರಲಿಲ್ಲ. ಸೀನಿಯರ್ ಅಜ್ಜಿಯ ಹತ್ತಿರ ಟೈಪಿಂಗ್ ಖರ್ಚು ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ. ಅಜ್ಜಿ ಒಂದು ಚೀಲ ಅವರೆಕಾಯಿ ತಂದಿಟ್ಟು ಹೋದರು. ಸೊಗಡಿನ ಅವರೆ. ಅದರಲ್ಲಿ ಅರ್ಧ ನಮ್ಮ ಮನೆಗೆ ಬಂತು.

ಇನ್ನು ಮನೆಯವರು. ಅಮ್ಮ ಮೊದಲ ದಿನವೇ, ‘ಮಿಲಿಟ್ರಿ ಸಾಕು ಅಂತ ಬಂದು ಮತ್ತೆ ಇಸ್ಕೂಲಿಗೆ ಹೊಂಟವ್ನೆ’ ಅಂದಿದ್ದಳು. ಫಲಿತಾಂಶ ಬಂದ ದಿನ ಊರೆಲ್ಲ ಹೇಳಿಕೊಂಡು ಬಂದವಳೂ ಅವಳೇ. ಹೆಂಡತಿ ಬಗ್ಗೆ ‘ಅವಳ ತ್ಯಾಗ’ ಅಂತೆಲ್ಲ ಬರೆದರೆ ಅವಳಿಗೆ ಸಿಟ್ಟು ಬರುತ್ತೆ. ನಾನು ಗಡಿಯಲ್ಲಿದ್ದಾಗಲೂ ಮನೆ ನಡೆಸಿದವಳು, ಕಾಲೇಜಿನಲ್ಲಿದ್ದಾಗಲೂ ನಡೆಸಿದಳು. ಅವಳ ಪ್ರಕಾರ ವ್ಯತ್ಯಾಸ ಏನೆಂದರೆ, ಕಾಲೇಜಿಗೆ ಹೋಗುವಾಗ ರಾತ್ರಿ ಊಟಕ್ಕೆ ಒಬ್ಬ ಜಾಸ್ತಿ. ಡೇರಿಗೆ ಹಾಲು ಹಾಕಿ ಬಂದು, ನನ್ನ ಬಸ್ಸಿನ ಹೊತ್ತಿಗೆ ಡಬ್ಬಿ ಕಟ್ಟಿಟ್ಟಿರುತ್ತಿದ್ದಳು. ಬರೆದರೆ ಇಷ್ಟೇ ಬರಿ ಅಂದಿದ್ದಾಳೆ, ಬರೆದಿದ್ದೇನೆ.

ನಮ್ಮ ಜಿಲ್ಲೆಯಿಂದ ಅಗ್ನಿವೀರರಾಗಿ ಹೋಗಿರುವ ತಮ್ಮಂದಿರಿಗೆ ಒಂದು ಮಾತು. ನಿಮ್ಮದು ನಾಲ್ಕೇ ವರ್ಷ, ಕಾಯಂ ಆಗೋದು ನಾಲ್ಕರಲ್ಲಿ ಒಬ್ಬರು. ನಿಮಗೆ ಅಂತಲೇ ಇಗ್ನೋದಲ್ಲಿ ಒಂದು ಪದವಿ ಇದೆ, ಅದರ ಅರ್ಧ ಕ್ರೆಡಿಟ್ ಸೇವೆಯಲ್ಲಿ ಪಡೆದ ತರಬೇತಿಗೇ ಸಿಗುತ್ತದೆ. ಯೂನಿಟ್ಟಿನಲ್ಲಿ ಎಜುಕೇಶನ್ ಸಾಹೇಬರು ಯಾರಿದ್ದಾರೆ ಅಂತ ಇವತ್ತೇ ವಿಚಾರಿಸಿ. ಗದರಿಸಿದರೆ ಗದರಿಸಿಕೊಳ್ಳಿ.

ಆಫೀಸು ಎಲ್ಲಿ ಅಂತ ಫೋನ್ ಮಾಡಿ ಕೇಳುತ್ತಿದ್ದೀರಿ. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ. ಆದ್ದರಿಂದ ಇಲ್ಲಿ ಬರೆಯಲ್ಲ. ಊಟಕ್ಕೆ ಕರೆಯಬಾರದು ಅಂತ ಮಾತ್ರ ಯಾವ ನಿಯಮದಲ್ಲೂ ಇಲ್ಲ. ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಮುದ್ದೆ, ನಾಟಿಕೋಳಿ ಸಾರು. ತಿನ್ನದವರಿಗೆ ಬೇರೆ ಅಡುಗೆ ಇರುತ್ತೆ. ಕ್ಲಾಸಿನವರು, ಮೇಷ್ಟ್ರು, ಆಫೀಸಿನ ಮೇಡಂ, ಎಲ್ಲರೂ ಮಧ್ಯಾಹ್ನ ಒಂದು ಗಂಟೆಯೊಳಗೆ ಬಂದುಬಿಡಿ.