ಆ ರಾತ್ರಿ ಜೊತೆಗಿದ್ದ ಅಕ್ಕನಿಗೆ, ಮತ್ತೆ ನಿಮ್ಮೆಲ್ಲರಿಗೂ

ಅಂತೂ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅಪ್ರೂವಲ್ ಬಂತು. ಇನ್ನು ಮುಂದೆ ಕಲಬುರಗಿಯ ನಮ್ಮ ಆಸ್ಪತ್ರೆಗೆ ರೇಡಿಯೇಷನ್ ಸೇಫ್ಟಿ ಆಫೀಸರ್, ಅಂದರೆ ವಿಕಿರಣದ ಸುರಕ್ಷತೆ ನೋಡಿಕೊಳ್ಳುವವಳು, ನಾನೇ. ಎಂಎಸ್ಸಿ, ಮುಂಬೈನ ಡಿಪ್ಲೊಮಾ, ಇಂಟರ್ನ್‌ಶಿಪ್, ಕೊನೆಗೆ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಪರೀಕ್ಷೆ. ಆ ಕಥೆಯೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಬೇಡ. ಇವತ್ತು ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ನಮ್ಮ ವಿಭಾಗದ ಟೆಕ್ನಾಲಜಿಸ್ಟ್ ಅಕ್ಕ. ಹಳೆಯ ಕೋಬಾಲ್ಟ್ ಮಷೀನ್ ಇದ್ದ ಕಾಲದಿಂದ ಕೆಲಸ ಮಾಡುತ್ತಿರುವವರು.

ಹೋದ ಬೇಸಿಗೆಯಲ್ಲಿ ಲಿನಾಕ್ (ವಿಕಿರಣ ಕೊಡುವ ಮಷೀನ್) ಕೆಟ್ಟು ನಿಂತಿತ್ತು. ಇಂಜಿನಿಯರ್ ಅದರ ಮ್ಯಾಗ್ನೆಟ್ರಾನ್ ಅನ್ನುವ ಭಾಗ ಬದಲಿಸಿ ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಜೇವರ್ಗಿ, ಅಫಜಲಪುರ, ಶಹಾಪುರದ ಕಡೆಯ ರೋಗಿಗಳು ಊರಿಗೂ ಹೋಗದೆ ಕಾಯುತ್ತಿದ್ದರು. ಚಿಕಿತ್ಸೆ ನಡುವೆ ನಿಂತಷ್ಟೂ ಗಡ್ಡೆಗೆ ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ. ನಮ್ಮ ಹಿರಿಯ ಫಿಸಿಸಿಸ್ಟ್ ಸರ್ ಊರಲ್ಲಿರಲಿಲ್ಲ, ಬೆಳಗಿನ ರೈಲಿಗೆ ಬರುವವರಿದ್ದರು. ಅಷ್ಟರಲ್ಲಿ ಮಷೀನಿನಿಂದ ಬರುವ ವಿಕಿರಣದ ಪ್ರಮಾಣ, ಅಂದರೆ ಡೋಸ್, ಅಳೆದಿಡುವ ಕೆಲಸ ನನ್ನದು. ಅಕ್ಕನ ಡ್ಯೂಟಿ ಮುಗಿದಿತ್ತು. ಮನೆಗೆ ಫೋನ್ ಮಾಡಿ, ಬರುವುದು ತಡ ಅಂತ ಹೇಳಿ ಕೂತುಬಿಟ್ಟರು.

ನೀರಿನ ತೊಟ್ಟಿಯಲ್ಲಿ ಅಯಾನ್ ಚೇಂಬರ್ (ಡೋಸ್ ಅಳೆಯುವ ಉಪಕರಣ) ಇಟ್ಟು ಅಳೆದೆ. ಇರಬೇಕಾದ್ದಕ್ಕಿಂತ 5% ಕಡಿಮೆ ಬಂತು. ವ್ಯತ್ಯಾಸ 2%ರ ಒಳಗಿರಬೇಕು. ತೊಟ್ಟಿಯ ಮಟ್ಟ ನೋಡಿದೆ, ಆಳ ನೋಡಿದೆ, ಕೇಬಲ್ ಬದಲಿಸಿದೆ. ಮತ್ತೆ ಅದೇ. ಮಷೀನ್ ಡೋಸನ್ನು 5% ಏರಿಸಿದರೆ ಲೆಕ್ಕ ಸರಿಹೋಗುತ್ತಿತ್ತು, ಬೆಳಗ್ಗೆ ಚಿಕಿತ್ಸೆ ಶುರುವಾಗುತ್ತಿತ್ತು.

ಆ ಚೇಂಬರಿನೊಳಗೆ ಇರುವುದು ಸುತ್ತಲಿನ ಗಾಳಿಯೇ. ಬಿಸಿ ಏರಿದರೆ, ಒತ್ತಡ ಇಳಿದರೆ ಒಳಗಿನ ಗಾಳಿ ಕಡಿಮೆಯಾಗುತ್ತದೆ. ಅದಕ್ಕೇ ಪ್ರತಿ ಸಲ ಎರಡನ್ನೂ ನೋಡಿ ಲೆಕ್ಕ ತಿದ್ದಬೇಕು. ರಿಜಿಸ್ಟರ್ ಬರೆಯುತ್ತಿದ್ದ ಅಕ್ಕ ಪೆನ್ನು ನಿಲ್ಲಿಸಿ ಬ್ಯಾರೋಮೀಟರ್ ನೋಡಿದರು. 1010 ಮಿಲಿಬಾರ್. ‘ಇಲ್ಲಿ ನೋಡವಾ, ನಮ್ಮೂರಾಗ ಇದು ಸಾವಿರ ಮುಟ್ಟಿದ್ದು ನಾ ಎಂದೂ ನೋಡಿಲ್ಲ’ ಅಂದರು. ಬೀರು ತೆಗೆದು ಹಳೆಯ ರಿಜಿಸ್ಟರ್‌ಗಳನ್ನು ಟೇಬಲ್ ಮೇಲೆ ಹಾಕಿದರು. 955, 958, 961. ಪುಟದ ಮೇಲೆ ಪುಟ, ಅವರದೇ ಕೈಬರಹ.

ಕಲಬುರಗಿ ಸಮುದ್ರ ಮಟ್ಟಕ್ಕಿಂತ ಸುಮಾರು 450 ಮೀಟರ್ ಮೇಲಿದೆ. ಇಲ್ಲಿ ಒತ್ತಡ 960ರ ಆಸುಪಾಸಿನಲ್ಲಿರುತ್ತದೆ. ಸರ್ವೀಸಿಂಗ್‌ಗೆ ಹೋಗಿ ಬಂದಿದ್ದ ಆ ಬ್ಯಾರೋಮೀಟರನ್ನು ಯಾರೋ ಸಮುದ್ರ ಮಟ್ಟದ ಲೆಕ್ಕ ತೋರಿಸುವ ಹಾಗೆ ಸೆಟ್ ಮಾಡಿ ಕಳಿಸಿದ್ದರು. ಸರಿಪಡಿಸಿ ಲೆಕ್ಕ ಹಾಕಿದೆ. 1%ರ ಒಳಗೆ ಬಂತು. ಮಷೀನ್ ಸರಿಯಾಗೇ ಇತ್ತು, ಒತ್ತಡ ಹೆಚ್ಚು ತೋರಿಸಿದ್ದಕ್ಕೇ ಡೋಸ್ ಕಡಿಮೆ ಕಂಡಿತ್ತು.

ಆಗ ನನಗೆ ಅಳು ಬಂತು. ತಡೆಯಲಾಗಲಿಲ್ಲ. ಏರಿಸಿದ್ದರೆ ಮಾರನೇ ದಿನದಿಂದ ಪ್ರತಿಯೊಬ್ಬರಿಗೂ 5% ಹೆಚ್ಚು ಡೋಸ್ ಹೋಗುತ್ತಿತ್ತು. ಮಲಗಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಪನಾಮಾದಲ್ಲಿ 2000-01ರಲ್ಲಿ 28 ರೋಗಿಗಳಿಗೆ ವಿಪರೀತ ಡೋಸ್ ಹೋಗಿತ್ತು. ಮಷೀನ್ ನೆಟ್ಟಗಿತ್ತು, ಪ್ಲಾನಿಂಗ್ ಕಂಪ್ಯೂಟರಿಗೆ ವಿವರ ತುಂಬಿದ ರೀತಿಯಲ್ಲಿ ಎಡವಟ್ಟಾಗಿತ್ತು. ಹಲವರು ಸತ್ತರು. ಟ್ರೇನಿಂಗ್‌ನಲ್ಲಿ ಓದಿದ್ದ ಆ ಜನ ಅವತ್ತು ನನ್ನ ಕಣ್ಣ ಮುಂದೆ ಬಂದರು. ಈ ಕೆಲಸವೇ ಬೇಡ ಅಂದೆ. ಅಕ್ಕ ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟರು. ‘ಉಣ್ಣು ಮೊದಲ. ಆಮ್ಯಾಲ ಇನ್ನೊಮ್ಮೆ ಅಳಿಯೋಣು’ ಅಂದರು. ಉಂಡೆವು, ಅಳೆದೆವು. ಬೆಳಗ್ಗೆ ಸರ್ ಬಂದು ತಾವೂ ಅಳೆದು ಸಹಿ ಹಾಕಿದ ಮೇಲೇ ಮೊದಲ ರೋಗಿಯನ್ನು ಒಳಗೆ ಕರೆದದ್ದು.

ಕ್ವಾಲಿಟಿ ಟ್ರೇನಿಂಗ್ ಅಂದರೆ ಬಹಳ ಸಲ ನನ್ನಂಥ ಫಿಸಿಸಿಸ್ಟ್‌ಗಳನ್ನಷ್ಟೇ ಕರೆಯುತ್ತಾರೆ. ದಿನಾ ಮಷೀನ್ ಮುಂದೆ ನಿಲ್ಲುವವರನ್ನೂ ಪಕ್ಕದಲ್ಲಿ ಕೂರಿಸಲೇಬೇಕು. ನನ್ನ ಕೈಲಾದ ಕಡೆ ಈ ಮಾತು ಎತ್ತುತ್ತೇನೆ.

ಫೋನಿನಲ್ಲೇ ಅರ್ಧ ಪಾಠ ಹೇಳಿದ ಸರ್‌ಗೆ, ಮುಂಬೈ ಅಣುಶಕ್ತಿನಗರದ ಗುರುಗಳಿಗೆ, ಹಾಸ್ಟೆಲ್ ಗೆಳತಿಯರಿಗೆ, ರಜೆಯ ದಿನವೂ ಬಂದು ಮಷೀನ್ ತಂಪಾಗಿಡುವ ಚಿಲ್ಲರ್ ನೋಡಿಕೊಂಡ ಅಣ್ಣಂದಿರಿಗೆ, ಶರಣಬಸವೇಶ್ವರ ಗುಡಿಯಲ್ಲಿ ಕಾಯಿ ಒಡೆಸಿದ ಅವ್ವನಿಗೆ, ಓದಿಗೆ ಯಾವತ್ತೂ ದುಡ್ಡಿಲ್ಲ ಅನ್ನದ ಅಪ್ಪನಿಗೆ ತುಂಬಾ ಥ್ಯಾಂಕ್ಸ್.

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಹೋಳಿಗೆ ಊಟ, ಎಲ್ಲರೂ ಬನ್ನಿ. ಅಕ್ಕ, ಡ್ಯೂಟಿ ಇದೆ ಅನ್ನಬೇಡಿ. ಅವತ್ತು ನಿಮಗೆ ರಜೆ ಅಂತ ರೋಸ್ಟರ್ ನೋಡಿಯೇ ದಿನ ಇಟ್ಟಿದ್ದೇನೆ.